ಚಿತ್ರಪುಸ್ತಕದಲ್ಲಿ ಅಮೆರಿಕದ ಇತಿಹಾಸದವರು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರುವ ಕನ್ನಡದ ಅಪ್ಪ-ಅಮ್ಮಂದಿರು, ಬೇಸಿಗೆಗೆ ಇಲ್ಲಿಗೆ ಬಂದು ಮೊಮ್ಮಕ್ಕಳ ಜೊತೆ ಲೈಬ್ರರಿಗೆ ಹೋಗುವ ಅಜ್ಜಿ-ತಾತಂದಿರು, ಊರಿನಲ್ಲಿ ಮಕ್ಕಳಿಗೆ ಪಾಠ ಹೇಳುವ ಗೆಳೆಯರು, ಎಲ್ಲರೂ ತಿರುಗಿ ತಿರುಗಿ ಕೇಳುವ ಪ್ರಶ್ನೆಗಳು ಇವು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆನೋವಿನವು ಆಮೇಲೆ.

## ಶುರು ಮಾಡುವವರಿಗೆ

ಮಗಳಿಗೆ ಇನ್ನೂ ನಾಲ್ಕು ವರ್ಷ. ಈಗ್ಲೇ ಜೀವನಚರಿತ್ರೆ ಅಂದ್ರೆ ಜಾಸ್ತಿ ಆಗಲ್ವಾ?

ಹುಟ್ಟಿದ್ದು, ಓದಿದ್ದು, ಮದುವೆಯಾದದ್ದು, ತೀರಿಕೊಂಡದ್ದು ಅಂತ ಹೇಳುತ್ತಾ ಹೋದರೆ ಜಾಸ್ತಿಯೇ. ಆ ವಯಸ್ಸಿಗೆ ಇಡೀ ಜೀವನ ಬೇಡ, ಯಾರದೋ ಒಂದು ಹುಚ್ಚು ಸಾಕು. ವರ್ಮಾಂಟ್ ರಾಜ್ಯದ ಜೆರಿಕೋದಲ್ಲಿ ವಿಲ್ಸನ್ ಬೆಂಟ್ಲಿ ಅಂತ ರೈತರೊಬ್ಬರಿದ್ದರು. ಅವರಿಗೆ ಹಿಮದ ಹರಳಿನ ಹುಚ್ಚು. ಕ್ಯಾಮೆರಾಗೆ ಮೈಕ್ರೋಸ್ಕೋಪ್ ಜೋಡಿಸಿ 1885ರಲ್ಲಿ ಒಂದೇ ಒಂದು ಹರಳಿನ ಫೋಟೋ ತೆಗೆದರು, ಆಮೇಲೆ ಬದುಕಿರುವವರೆಗೂ ಪ್ರತಿ ಚಳಿಗಾಲ ಅದೇ ಕೆಲಸ, ಐದು ಸಾವಿರಕ್ಕೂ ಹೆಚ್ಚು ಫೋಟೋ. ಬಿಸಿ ಉಸಿರು ತಾಗಿದರೆ ಹರಳು ಕರಗಿಹೋಗುತ್ತದೆ. ಅದಕ್ಕೇ ಉಸಿರು ಬಿಗಿಹಿಡಿದು ಕೆಲಸ ಮಾಡಬೇಕು. ಇದನ್ನು ಹೇಳಿ ನೋಡಿ, ಮಗು ತಾನೂ ಕೆನ್ನೆ ಉಬ್ಬಿಸಿ ಉಸಿರು ಹಿಡಿಯುತ್ತದೆ. ಅಷ್ಟಾದರೆ ನಾಲ್ಕು ವರ್ಷಕ್ಕೆ ಜೀವನಚರಿತ್ರೆ ಓದಿದ ಹಾಗೇ.

ಆರೇಳು ವರ್ಷಕ್ಕೆ ಒಂದು ದಿನದ, ಒಂದು ಘಟನೆಯ ಪುಸ್ತಕ ಹಿಡಿಸುತ್ತದೆ. ಒಂಬತ್ತು ದಾಟಿದ ಮೇಲೆ ಒಬ್ಬರ ಒಳ್ಳೆಯದು ಕೆಟ್ಟದ್ದು ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವ ಶಕ್ತಿ ಬರುತ್ತದೆ.

ಯಾರಿಂದ ಶುರು ಮಾಡೋದು? ವಾಷಿಂಗ್ಟನ್, ಜೆಫರ್ಸನ್, ಲಿಂಕನ್ ಅಂತ ಸಾಲಾಗಿ ಹೋಗ್ಬೇಕಾ?

ಬೇಡ. ಅಧ್ಯಕ್ಷರ ಪಟ್ಟಿ ಶಾಲೆಯಲ್ಲಿ ಹೇಗೂ ಬರುತ್ತದೆ. ಮನೆಯಲ್ಲಿ, ಮಗುವೇ ಮುಖ್ಯ ಪಾತ್ರವಾಗಿರುವ ಕಥೆ ಹಿಡಿಯಿರಿ.

ಲಿಂಕನ್ ಬೇಕೇ ಬೇಕು ಅಂದರೆ ಗ್ರೇಸ್ ಬೆಡೆಲ್ ಕಡೆಯಿಂದ ಬನ್ನಿ. 1860ರ ಅಕ್ಟೋಬರ್, ಚುನಾವಣೆಗೆ ಕೆಲವೇ ವಾರ ಬಾಕಿ. ನ್ಯೂಯಾರ್ಕ್ ರಾಜ್ಯದ ವೆಸ್ಟ್‌ಫೀಲ್ಡ್‌ನಿಂದ ಹನ್ನೊಂದು ವರ್ಷದ ಈ ಹುಡುಗಿ ಲಿಂಕನ್‌ಗೆ ಕಾಗದ ಬರೆಯುತ್ತಾಳೆ. ನಿಮ್ಮ ಮುಖ ತುಂಬಾ ಸಣಕಲು, ಗಡ್ಡ ಬಿಟ್ಟರೆ ಚೆನ್ನಾಗಿ ಕಾಣುತ್ತೀರಿ, ಹೆಂಗಸರಿಗೆಲ್ಲ ಗಡ್ಡ ಇಷ್ಟ, ಅವರು ಗಂಡಂದಿರನ್ನು ಕಾಡಿಸಿ ನಿಮಗೇ ಓಟು ಹಾಕಿಸುತ್ತಾರೆ ಅಂತ. ಆಗ ಹೆಂಗಸರಿಗೆ ಓಟೇ ಇರಲಿಲ್ಲ, ಹುಡುಗಿ ಅದಕ್ಕೂ ಒಂದು ದಾರಿ ಹುಡುಕಿದ್ದಾಳೆ! ಲಿಂಕನ್ ಉತ್ತರ ಬರೆದರು. ಮಾತೇನೂ ಕೊಡಲಿಲ್ಲ, ಆದರೆ ಗಡ್ಡ ಬಿಟ್ಟರು. ಗೆದ್ದ ಮೇಲೆ, 1861ರ ಫೆಬ್ರವರಿಯಲ್ಲಿ ಅಧಿಕಾರ ವಹಿಸಿಕೊಳ್ಳಲು ರೈಲಿನಲ್ಲಿ ಹೋಗುವಾಗ ವೆಸ್ಟ್‌ಫೀಲ್ಡ್‌ನಲ್ಲಿ ಅವಳನ್ನು ಕರೆಸಿ ಮಾತಾಡಿಸಿದರು. ಈ ಕಥೆ ಕೇಳಿದ ಮಗುವಿಗೆ ಲಿಂಕನ್ ಮತ್ತೆ ಬರೀ ನೋಟಿನ ಮೇಲಿನ ಮುಖವಾಗಿ ಉಳಿಯುವುದಿಲ್ಲ.

ಇನ್ನೊಬ್ಬಳು ರೂಬಿ ಬ್ರಿಜಸ್. 1960ರ ನವೆಂಬರ್ 14ರಂದು ನ್ಯೂ ಆರ್ಲಿಯನ್ಸ್‌ನಲ್ಲಿ, ಅದುವರೆಗೆ ಬಿಳಿಯರ ಮಕ್ಕಳು ಮಾತ್ರ ಓದುತ್ತಿದ್ದ ಶಾಲೆಗೆ, ಕೇಂದ್ರ ಸರ್ಕಾರದ ಮಾರ್ಷಲ್‌ಗಳ ಕಾವಲಿನಲ್ಲಿ ನಡೆದುಹೋದ ಆರು ವರ್ಷದ ಕಪ್ಪು ಹುಡುಗಿ. ಬಿಳಿಯ ತಂದೆ-ತಾಯಂದಿರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಆ ವರ್ಷ ಪೂರ್ತಿ ತರಗತಿಯಲ್ಲಿ ರೂಬಿ ಒಬ್ಬಳೇ, ಜೊತೆಗೆ ಬಾರ್ಬರಾ ಹೆನ್ರಿ ಅನ್ನುವ ಟೀಚರ್. "ಊಟದ ಹೊತ್ತಿಗೆ ಯಾರ ಜೊತೆ ಕೂತ್ಕೊತಿದ್ಲು?" ಅನ್ನುವ ಪ್ರಶ್ನೆ ತಪ್ಪದೆ ಬರುತ್ತದೆ, ತಯಾರಾಗಿರಿ.

ಲೈಬ್ರರಿಯಲ್ಲಿ ಹುಡುಕಿದ್ರೆ ಸಿಗಲ್ಲ, ಎಲ್ಲಿ ಇಟ್ಟಿರ್ತಾರೆ?

ಅಮೆರಿಕದ ಹೆಚ್ಚಿನ ಸಾರ್ವಜನಿಕ ಲೈಬ್ರರಿಗಳಲ್ಲಿ ಮಕ್ಕಳ ವಿಭಾಗದಲ್ಲೇ ಬಯಾಗ್ರಫಿಗೆ ಬೇರೆ ಕಪಾಟು ಇರುತ್ತದೆ. ಅಲ್ಲಿ ಬರೆದವರ ಹೆಸರಿನ ಪ್ರಕಾರ ಹುಡುಕಬೇಡಿ, ಯಾರ ಬಗ್ಗೆ ಪುಸ್ತಕವೋ ಅವರ ಮನೆತನದ ಹೆಸರಿನ ಪ್ರಕಾರ ಜೋಡಿಸಿರುತ್ತಾರೆ. ತೀರಾ ಚಿಕ್ಕವರ ಚಿತ್ರಪುಸ್ತಕಗಳು ಕೆಲವೊಮ್ಮೆ ಕಥೆಪುಸ್ತಕಗಳ ನಡುವೆ ಸೇರಿಕೊಂಡಿರುತ್ತವೆ. ಸುಮ್ನೆ ಮಕ್ಕಳ ವಿಭಾಗದ ಲೈಬ್ರರಿಯನ್ ಹತ್ತಿರ ಕೇಳಿ. ನಿಮ್ಮ ಶಾಖೆಯಲ್ಲಿ ಇಲ್ಲದಿದ್ದರೆ ಬೇರೆ ಶಾಖೆಯಿಂದ ತರಿಸಿಕೊಡುತ್ತಾರೆ. ಫೆಬ್ರವರಿಯಲ್ಲಿ ಕಪ್ಪು ಜನರ ಇತಿಹಾಸದ ತಿಂಗಳು, ಮಾರ್ಚ್‌ನಲ್ಲಿ ಮಹಿಳೆಯರದು. ಆಗ ಒಳ್ಳೆಯ ಪುಸ್ತಕಗಳೆಲ್ಲ ಖಾಲಿ. ಜನವರಿಯಲ್ಲೇ ಹೆಸರು ಬರೆಸಿ.

ಮನೇಲಿ ಕನ್ನಡದಲ್ಲೇ ಮಾತಾಡ್ತೀವಿ. ಪುಸ್ತಕ ಎಲ್ಲಾ ಇಂಗ್ಲಿಷ್, ಏನ್ಮಾಡೋದು?

ಮೊದಲ ಸಲ ಅಕ್ಷರ ಮುಟ್ಟಲೇಬೇಡಿ. ಬರೀ ಚಿತ್ರ ನೋಡುತ್ತಾ ಕನ್ನಡದಲ್ಲಿ ಮಾತಾಡಿ. ಇವರ ಕಾಲಲ್ಲಿ ಚಪ್ಪಲಿ ಯಾಕಿಲ್ಲ, ಒಲೆ ಎಲ್ಲಿದೆ, ಆ ಹೆಂಗಸು ಯಾಕೆ ಬೇರೆ ಬಾಗಿಲಿಂದ ಹೋಗ್ತಿದಾರೆ ಅಂತ. ಇಂಗ್ಲಿಷ್ ಬರದ ಅಜ್ಜಿ ಈ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡುತ್ತಾರೆ, ಯಾಕೆಂದರೆ ಅವರಿಗೂ ಉತ್ತರ ಗೊತ್ತಿರುವುದಿಲ್ಲ, ಇಬ್ಬರೂ ಸೇರಿ ನಿಜವಾಗಿ ಹುಡುಕುತ್ತಾರೆ. ಎರಡನೇ ಸಲ ಇಂಗ್ಲಿಷ್ ಓದಿ. ಆಗ ಮಗುವೇ "ಅಜ್ಜಿ, ನೀನು ಹೇಳಿದ್ದು ಸರಿ" ಅಂತ ಓಡಿಹೋಗಿ ಹೇಳುತ್ತದೆ.

ಪಕ್ಕದಲ್ಲಿ ಕನ್ನಡದ್ದೂ ಒಂದಿರಲಿ. ಎಲ್.ಎಸ್. ಶೇಷಗಿರಿರಾವ್ ಅವರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನ ತಂದ ಭಾರತ ಭಾರತಿಯ ಪುಟ್ಟ ಜೀವನಚರಿತ್ರೆಗಳು ನಮ್ಮಲ್ಲಿ ಎಷ್ಟೋ ಮನೆಯ ಅಟ್ಟದ ಮೇಲೆ ಇನ್ನೂ ಇವೆ. ಊರಿಗೆ ಹೋದಾಗ ನಾಲ್ಕು ಪುಸ್ತಕ ಸೂಟ್‌ಕೇಸಿಗೆ ಹಾಕಿಕೊಳ್ಳಿ.

ಚಿತ್ರ ಜಾಸ್ತಿ ಇದ್ರೆ ಕಾಮಿಕ್ಸ್ ಆಗೋಯ್ತಲ್ವಾ? ಓದೋ ಅಭ್ಯಾಸ ಹಾಳಾಗಲ್ವಾ?

ನಾವು ಅಮರ ಚಿತ್ರ ಕಥೆ ಓದಿ ಹಾಳಾದೆವಾ? ಅಮೆರಿಕದಲ್ಲಿ ಮಕ್ಕಳ ಚಿತ್ರಪುಸ್ತಕಕ್ಕೆ ಕಾಲ್ಡೆಕಾಟ್ ಪದಕ ಅಂತ ಇದೆ, 1938ರಿಂದ ಕೊಡುತ್ತಿದ್ದಾರೆ. 1940ರಲ್ಲಿ ಅದು ಬಂದದ್ದು ಲಿಂಕನ್ ಜೀವನದ ಚಿತ್ರಪುಸ್ತಕಕ್ಕೆ. ಇಲ್ಲಿ ಇದನ್ನು ಓದಿನ ಕೆಳಗಿನ ಮೆಟ್ಟಿಲು ಅಂತ ಯಾರೂ ನೋಡುವುದಿಲ್ಲ.

## ಪುಸ್ತಕ ಆರಿಸುವಾಗ

ಒಬ್ಬರ ಬಗ್ಗೆನೇ ಹತ್ತು ಪುಸ್ತಕ ಇದೆ. ಯಾವುದು ಒಳ್ಳೇದು ಅಂತ ಹೇಗೆ ಗೊತ್ತಾಗುತ್ತೆ?

ಮೊದಲು ಕೊನೆಯ ಪುಟ ತೆಗೆಯಿರಿ. ಒಳ್ಳೆಯ ಪುಸ್ತಕದಲ್ಲಿ ಬರೆದವರು ಅಲ್ಲಿ ದೊಡ್ಡವರ ಜೊತೆ ಮಾತಾಡಿರುತ್ತಾರೆ: ಇದು ಎಲ್ಲಿಂದ ತಿಳಿಯಿತು, ಯಾವ ಮಾತು ದಾಖಲೆಯಲ್ಲಿದೆ, ಯಾವುದು ನನ್ನ ಊಹೆ. ಅದಿಲ್ಲದೆ, ಒಳಗೆ ಮಾತ್ರ ಎಲ್ಲರೂ ಉದ್ದುದ್ದ ಡೈಲಾಗ್ ಹೊಡೆಯುತ್ತಿದ್ದರೆ ವಾಪಸ್ ಇಟ್ಟುಬಿಡಿ.

ಆಮೇಲೆ, ನಿಮಗೆ ಸರಿಯಾಗಿ ಗೊತ್ತಿರುವ ಒಂದು ವಿಷಯ ಹಿಡಿದು ಪುಸ್ತಕವನ್ನೇ ಪರೀಕ್ಷೆ ಮಾಡಿ. ನಾನು ರೋಸಾ ಪಾರ್ಕ್ಸ್ ಅವರ ಸೀಟು ನೋಡುತ್ತೇನೆ. 1955ರ ಡಿಸೆಂಬರ್ 1, ಅಲಬಾಮಾದ ಮಾಂಟ್ಗೊಮರಿ, ಬಸ್ಸಿನಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ಸೀಟು ಇದ್ದ ಕಾಲ. ಅವರು ಬಿಳಿಯರ ಸೀಟಿನಲ್ಲಿ ಕೂತು ಏಳಲಿಲ್ಲ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ಅವರು ಕೂತಿದ್ದದ್ದು ಕಪ್ಪು ಜನರಿಗೆ ಬಿಟ್ಟ ಭಾಗದಲ್ಲೇ, ಅದರ ಮೊದಲ ಸಾಲಿನಲ್ಲಿ. ಮುಂದಿನ ಸೀಟೆಲ್ಲ ತುಂಬಿ ಒಬ್ಬ ಬಿಳಿಯ ನಿಂತಾಗ ಡ್ರೈವರ್ ಆ ಸಾಲಿನ ನಾಲ್ವರನ್ನೂ ಏಳಿ ಅಂದ, ಮೂವರು ಎದ್ದರು, ಇವರು ಏಳಲಿಲ್ಲ. ಚಿತ್ರದಲ್ಲಿ ಬೆಳ್ಳಿಕೂದಲಿನ ಸುಸ್ತಾದ ಅಜ್ಜಿ ಕಂಡರೆ ಅದೂ ತಪ್ಪು. ಅವರಿಗೆ ಆಗ 42. ದೇಹದ ಸುಸ್ತಿನಿಂದ ಕೂತಿದ್ದಲ್ಲ ಅಂತ ಅವರೇ ಆತ್ಮಕಥೆಯಲ್ಲಿ ಹೇಳಿದ್ದಾರೆ. ಅದಕ್ಕೂ ಎಷ್ಟೋ ವರ್ಷ ಮೊದಲಿನಿಂದ ಕಪ್ಪು ಜನರ ಹಕ್ಕಿನ ಸಂಘದ ಸ್ಥಳೀಯ ಶಾಖೆಯಲ್ಲಿ ಕಾರ್ಯದರ್ಶಿಯಾಗಿ ಕೆಲಸ ಮಾಡಿದವರು. ಅದೇ ಊರಿನಲ್ಲಿ ಒಂಬತ್ತು ತಿಂಗಳ ಹಿಂದೆ ಕ್ಲಾಡೆಟ್ ಕಾಲ್ವಿನ್ ಅನ್ನುವ 15 ವರ್ಷದ ಹುಡುಗಿಯೂ ಬಸ್ಸಿನಲ್ಲಿ ಹೀಗೇ ಏಳದೆ ಪೊಲೀಸರ ಕೈಗೆ ಸಿಕ್ಕಿದ್ದಳು. ಸುಸ್ತಾದ ಅಜ್ಜಿಯ ಕಥೆ ಕೇಳಿದ ಮಗು ಪಾಪ ಅನ್ನುತ್ತದೆ, ನಿಜವಾದ ಕಥೆ ಕೇಳಿದರೆ, ಅವರ ಬಂಧನದ ಮೇಲೆ 381 ದಿನ ಜನ ಬಸ್ಸು ಹತ್ತದೆ ನಡೆದದ್ದು ಹೇಗೆ ಅಂತ ಕೇಳುತ್ತದೆ. ಮಗು ಎರಡನೆಯದನ್ನು ಕೇಳುವಂತೆ ಮಾಡುವ ಪುಸ್ತಕವೇ ನಮಗೆ ಬೇಕಾದದ್ದು.

ಹೆಲನ್ ಕೆಲ್ಲರ್ ಪುಸ್ತಕ ಮೂರು ತಂದೆ, ಮೂರೂ ನೀರಿನ ಪಂಪ್ ಹತ್ರ ಮುಗಿದೋಗುತ್ತೆ. ಆಮೇಲೆ ಏನಾಯ್ತು?

ಎಲ್ಲಾ ಆಮೇಲೇ ಆಗಿದ್ದು! 1887ರ ಏಪ್ರಿಲ್‌ನಲ್ಲಿ ಟೀಚರ್ ಆನ್ ಸಲಿವನ್, ಕಣ್ಣು ಕಾಣದ, ಕಿವಿ ಕೇಳದ ಆ ಮಗುವಿನ ಒಂದು ಕೈ ಮೇಲೆ ನೀರು ಬಿಟ್ಟು ಇನ್ನೊಂದು ಕೈಯಲ್ಲಿ ಅಕ್ಷರ ಬರೆದಾಗ ಹೆಲನ್‌ಗೆ ಇನ್ನೂ ಏಳು ತುಂಬಿರಲಿಲ್ಲ. ತೀರಿಕೊಂಡದ್ದು 1968ರಲ್ಲಿ, 87ನೇ ವಯಸ್ಸಿನಲ್ಲಿ. ನಡುವಿನ ಎಂಬತ್ತು ವರ್ಷ ಎಲ್ಲಿ ಹೋಯಿತು? 1904ರಲ್ಲಿ ರ‍್ಯಾಡ್‌ಕ್ಲಿಫ್ ಕಾಲೇಜಿನಿಂದ ಪದವಿ. ಹೆಂಗಸರ ಓಟಿಗಾಗಿ ಹೋರಾಟ, ಕಾರ್ಮಿಕರ ಪರ ಭಾಷಣ, ಸಮಾಜವಾದಿ ಪಕ್ಷ, ಯುದ್ಧಕ್ಕೆ ವಿರೋಧ. 1955ರಲ್ಲಿ ಏಷ್ಯಾ ಸುತ್ತಿದರು, ಭಾರತಕ್ಕೂ ಬಂದಿದ್ದರು. ಅಂಗವಿಕಲರನ್ನು ಸದಾ ಪುಟ್ಟ ಮಗುವಾಗಿ, ಕೃತಜ್ಞರಾಗಿ ತೋರಿಸುವ ಚಟ ಚಿತ್ರಪುಸ್ತಕಗಳಿಗೆ ಇದೆ, ನನಗೆ ಅದು ಸೇರುವುದಿಲ್ಲ. ದೊಡ್ಡ ಹೆಲನ್ ಇರುವ ಪುಸ್ತಕ ಹುಡುಕಿ. ಸಿಗದಿದ್ದರೆ ಪಂಪಿನ ಪುಟದ ಮೇಲೆ ಈ ಕಥೆಯನ್ನು ನೀವೇ ಬಾಯಲ್ಲಿ ಮುಂದುವರಿಸಿ.

ವಾಷಿಂಗ್ಟನ್ ಚೆರ್ರಿ ಮರ ಕಡಿದು ನಿಜ ಹೇಳಿದ್ದು ಸುಳ್ಳಂತೆ, ಹೌದಾ?

ಹೌದು. ವಾಷಿಂಗ್ಟನ್ ತೀರಿಕೊಂಡ ಮೇಲೆ ಮೇಸನ್ ವೀಮ್ಸ್ ಅನ್ನುವ ಪಾದ್ರಿ, ಪುಸ್ತಕ ಮಾರುತ್ತಾ ಊರೂರು ಸುತ್ತುತ್ತಿದ್ದವರು, ಒಂದು ಜೀವನಚರಿತ್ರೆ ಬರೆದರು. 1806ರ ಮುದ್ರಣದಲ್ಲಿ ಈ ಕಥೆ ಸೇರಿಕೊಂಡಿತು. ಅದಕ್ಕೆ ಬೇರೆ ಯಾವ ಆಧಾರವೂ ಇಲ್ಲ. ಸುಳ್ಳು ಹೇಳಬೇಡ ಅಂತ ಕಲಿಸಲು ಸುಳ್ಳು ಕಥೆ! ಎಂಟು ವರ್ಷದ ಮಕ್ಕಳು ಈ ತಮಾಷೆಯನ್ನು ನಮಗಿಂತ ಬೇಗ ಹಿಡಿಯುತ್ತಾರೆ. ಮರದ ಹಲ್ಲುಸೆಟ್ಟೂ ಹಾಗೇ. ಅವರ ಹಲ್ಲುಸೆಟ್ಟಿನಲ್ಲಿ ಹಿಪ್ಪೋ ದಂತ, ಸೀಸ, ಮನುಷ್ಯರ ಹಲ್ಲು ಇದ್ದವು, ಮರ ಇರಲಿಲ್ಲ.

ಲಿಂಕನ್ ಮಗನ ಮೇಷ್ಟ್ರಿಗೆ ಬರೆದ ಪತ್ರ ಇದ್ಯಲ್ಲ, ಅದನ್ನೂ ಜೊತೆಗೆ ಓದಿಸ್ಬಹುದಾ?

ಶಿಕ್ಷಕರ ದಿನಾಚರಣೆ ಬಂತು ಅಂದರೆ ಕರ್ನಾಟಕದ ಶಾಲೆಗಳಲ್ಲಿ ಓದುವ, ಹೆಡ್‌ಮಾಸ್ಟರ್ ರೂಮಿನ ಗೋಡೆ ಮೇಲೆ ಫ್ರೇಮ್ ಹಾಕಿಸುವ, ವಾಟ್ಸಾಪ್‌ನಲ್ಲಿ ಬರುವ ಅದೇ ಪತ್ರ ತಾನೇ? ಚೆನ್ನಾಗಿದೆ. ಆದರೆ ಲಿಂಕನ್ ಬರೆದದ್ದಲ್ಲ. ಅವರ ಪತ್ರ, ಭಾಷಣಗಳನ್ನೆಲ್ಲ ಒಟ್ಟು ಮಾಡಿ ಅಚ್ಚು ಹಾಕಿದ ಸಂಪುಟಗಳಲ್ಲಿ ಅದು ಎಲ್ಲೂ ಇಲ್ಲ. ಯಾರೋ ಬರೆದ ಒಳ್ಳೆಯ ಮಾತು ಅಂತ ಓದಿಸಿ, ಲಿಂಕನ್ ಹೆಸರು ತೆಗೆದುಬಿಡಿ. ಅವರದೇ ಬೇಕು ಅಂದರೆ ಗ್ರೇಸ್‌ಗೆ ಬರೆದ ಉತ್ತರ ಇದೆ, ನಾಲ್ಕೇ ಸಾಲು, ಮಕ್ಕಳಿಗೆ ಹೇಳಿ ಮಾಡಿಸಿದ್ದು.

ಹಳೇ ಪುಸ್ತಕದ ಕಟ್ಟೇ ಯಾರೋ ಕೊಟ್ರು. ಇಟ್ಕೊಳ್ಲಾ, ಬಿಸಾಕ್ಲಾ?

ಇಟ್ಟುಕೊಳ್ಳಿ, ಅಂಕಿಗಳನ್ನು ಮಾತ್ರ ನಂಬಬೇಡಿ. ಹ್ಯಾರಿಯೆಟ್ ಟಬ್‌ಮನ್ ಬಗ್ಗೆ ಹಳೆಯ ಪುಸ್ತಕಗಳಲ್ಲಿ ತಾವು ಗುಲಾಮಗಿರಿಯಿಂದ ತಪ್ಪಿಸಿಕೊಂಡ ಮೇಲೆ 19 ಸಲ ವಾಪಸ್ ಹೋಗಿ 300 ಗುಲಾಮರನ್ನು ಬಿಡಿಸಿಕೊಂಡು ಬಂದರು ಅಂತ ಇರುತ್ತದೆ. ಈಗಿನ ಇತಿಹಾಸಕಾರರ ಲೆಕ್ಕ ಸುಮಾರು 13 ಸಲ, ಸುಮಾರು 70 ಜನ. ಕಡಿಮೆಯಾಯಿತು ಅಂತ ಬೇಜಾರು ಬೇಡ. ತಲೆಗೆ ಬಿದ್ದ ಪೆಟ್ಟಿನಿಂದ ಇದ್ದಕ್ಕಿದ್ದ ಹಾಗೆ ನಿದ್ದೆಗೆ ಜಾರುತ್ತಿದ್ದ ಹೆಂಗಸು, ರಾತ್ರಿ ಹೊತ್ತು ಕಾಡಿನಲ್ಲಿ, ಹಿಡಿದರೆ ಮತ್ತೆ ಗುಲಾಮಗಿರಿ. ಒಂದು ಸಲ ಹೋಗಿಬಂದಿದ್ದರೂ ಪುಸ್ತಕ ಬರೆಯಬಹುದಿತ್ತು. ಜೊತೆಗೆ, ಹಳೆಯ ಪುಸ್ತಕಗಳಲ್ಲಿ ಮೂಲನಿವಾಸಿಗಳನ್ನು ಬಿಡಿಸಿರುವ ರೀತಿ ಒಮ್ಮೆ ನೀವೇ ನೋಡಿಕೊಂಡು ಆಮೇಲೆ ಮಗುವಿನ ಕೈಗೆ ಕೊಡಿ.

ಶಾಲೇಲಿ ವ್ಯಾಕ್ಸ್ ಮ್ಯೂಸಿಯಂ ಪ್ರಾಜೆಕ್ಟ್ ಕೊಟ್ಟಿದಾರೆ. ಯಾರ ವೇಷ ಹಾಕಿಸ್ಲಿ?

ಊರಿನವರಿಗೆ ಒಂದು ಮಾತು: ಇಲ್ಲಿ ಎರಡು-ಮೂರು-ನಾಲ್ಕನೇ ಕ್ಲಾಸಿನಲ್ಲಿ ಮಕ್ಕಳು ಒಬ್ಬರ ಜೀವನಚರಿತ್ರೆ ಓದಿ, ಅವರ ಹಾಗೆ ವೇಷ ಹಾಕಿ ಬೊಂಬೆ ಥರ ನಿಲ್ಲುತ್ತಾರೆ. ಯಾರಾದರೂ ಮುಂದಿಟ್ಟ ಗುಂಡಿ ಒತ್ತಿದರೆ "ನಾನು ಅಮೇಲಿಯಾ ಇಯರ್‌ಹಾರ್ಟ್" ಅಂತ ಮಾತು ಶುರು. ಯಾರು ಬೇಕು ಅಂತ ಮಗುವೇ ಹೇಳಲಿ. ವೇಷಕ್ಕೆ ಒಂದು ವಸ್ತು ಸಾಕು. ಇಯರ್‌ಹಾರ್ಟ್‌ಗೆ ವಿಮಾನ ಹಾರಿಸುವವರ ಕನ್ನಡಕ, ಕ್ಯಾಥರೀನ್ ಜಾನ್ಸನ್‌ಗೆ ಪೆನ್ಸಿಲ್ ಮತ್ತು ಅಂಕಿ ತುಂಬಿದ ಹಾಳೆ. 1962ರಲ್ಲಿ ಜಾನ್ ಗ್ಲೆನ್ ಬಾಹ್ಯಾಕಾಶ ನೌಕೆಯಲ್ಲಿ ಭೂಮಿ ಸುತ್ತುವ ಮುಂಚೆ ಕಂಪ್ಯೂಟರ್ ಲೆಕ್ಕವನ್ನು ಕೈಯಲ್ಲಿ ಸರಿನೋಡಿದವರು ಜಾನ್ಸನ್. ಬೇರೆ ಬಣ್ಣದ ಚರ್ಮದವರ ಪಾತ್ರ ಯಾರು ಬೇಕಾದರೂ ಮಾಡಬಹುದು, ಮುಖಕ್ಕೆ ಬಣ್ಣ ಮಾತ್ರ ಬಳಿಯಬೇಡಿ. ಕಪ್ಪು ಜನರನ್ನು ಹಂಗಿಸಲು ಮುಖಕ್ಕೆ ಮಸಿ ಬಳಿದು ಆಡುತ್ತಿದ್ದ ನಾಟಕಗಳ ನೆನಪು ಇಲ್ಲಿ ಇನ್ನೂ ಹಸಿಯಾಗಿದೆ.

## ಕಷ್ಟದ ಪ್ರಶ್ನೆಗಳು

"ವಾಷಿಂಗ್ಟನ್ ಮನೇಲಿ ಗುಲಾಮರಿದ್ರಂತೆ, ಹಾಗಾದ್ರೆ ಅವರು ಕೆಟ್ಟವರಾ?" ಅಂತ ಮಗ ಕೇಳ್ದ. ಏನು ಹೇಳ್ಲಿ?

ಇದ್ದರು ಅಂತಲೇ ಹೇಳಿ. 1799ರ ಪಟ್ಟಿಯ ಪ್ರಕಾರ ಅವರ ಮನೆ-ಜಮೀನಿದ್ದ ಮೌಂಟ್ ವರ್ನನ್‌ನಲ್ಲಿ 317 ಜನ ಗುಲಾಮಗಿರಿಯಲ್ಲಿದ್ದರು. ಅವರಲ್ಲಿ 123 ಜನ ವಾಷಿಂಗ್ಟನ್ ಅವರ ಸ್ವಂತ ಸೊತ್ತು ಅಂತ ಲೆಕ್ಕ. ಇವರನ್ನು ಬಿಡುಗಡೆ ಮಾಡಬೇಕು ಅಂತ ಅವರು ಉಯಿಲಿನಲ್ಲಿ ಬರೆದರು, ಬದುಕಿದ್ದಾಗ ಮಾಡಲಿಲ್ಲ. ಒಳ್ಳೆಯವರಾ ಕೆಟ್ಟವರಾ ಅಂತ ತೀರ್ಪು ಕೊಡುವ ಬದಲು ಆ ಮನೆಯ ಅಡುಗೆಮನೆಗೆ ಹೋಗಿ.

ಅಲ್ಲಿ ಹರ್ಕ್ಯುಲಿಸ್ ಅನ್ನುವ ಅಡುಗೆಯವರಿದ್ದರು. ವಾಷಿಂಗ್ಟನ್ ಅಧ್ಯಕ್ಷರಾಗಿದ್ದಾಗ ಫಿಲಡೆಲ್ಫಿಯಾದಲ್ಲಿ ಅವರ ಕೈರುಚಿಗೆ ದೊಡ್ಡ ಹೆಸರು. 2016ರಲ್ಲಿ ಅಮೆರಿಕದ ಒಂದು ದೊಡ್ಡ ಪ್ರಕಾಶನ ಅವರ ಬಗ್ಗೆ ಚಿತ್ರಪುಸ್ತಕ ತಂದಿತು. ಯಜಮಾನರ ಹುಟ್ಟುಹಬ್ಬಕ್ಕೆ ಹರ್ಕ್ಯುಲಿಸ್ ಮತ್ತು ಮಗಳು ನಗುನಗುತ್ತಾ ಕೇಕ್ ಮಾಡುವ ಕಥೆ. ಜನ ಸಿಟ್ಟಾದರು, ಎರಡು ವಾರದೊಳಗೆ ಪುಸ್ತಕ ವಾಪಸಾಯಿತು. ನಿಜಕ್ಕೂ ಆದದ್ದೇನು ಗೊತ್ತಾ? 1797ರ ಫೆಬ್ರವರಿ 22, ವಾಷಿಂಗ್ಟನ್‌ಗೆ 65 ತುಂಬಿದ ದಿನವೇ ಹರ್ಕ್ಯುಲಿಸ್ ಮೌಂಟ್ ವರ್ನನ್‌ನಿಂದ ತಪ್ಪಿಸಿಕೊಂಡು ಹೋದರು. ಕೆಲವು ವಾರದ ಮೇಲೆ ಅಲ್ಲಿಗೆ ಬಂದ ಫ್ರೆಂಚ್ ರಾಜಮನೆತನದ ಲೂಯಿ ಫಿಲಿಪ್ ದಿನಚರಿಯಲ್ಲಿ ಒಂದು ಮಾತು ಬರೆದಿಟ್ಟರು. ಅವರ ಆಳು ಹರ್ಕ್ಯುಲಿಸ್‌ನ ಪುಟ್ಟ ಮಗಳನ್ನು, ಅಪ್ಪ ಇನ್ನು ಸಿಗಲ್ಲ ಅಂತ ಬೇಜಾರಲ್ವಾ ಅಂತ ಕೇಳಿದ. ಅವಳು, ತುಂಬಾ ಖುಷಿ, ಅಪ್ಪ ಈಗ ಸ್ವತಂತ್ರ ಅಂದಳಂತೆ.

ಏಳು ವರ್ಷದ ಮಗುವಿಗೆ ಇಷ್ಟು ಹೇಳಿದರೆ ಸಾಕು. ಮುಂದಿನ ಸಲ ಯಾವುದೇ ಪುಸ್ತಕದಲ್ಲಿ ನಗುವ ಆಳುಗಳ ಚಿತ್ರ ಬಂದರೆ ಅದೇ ಕೇಳುತ್ತದೆ, ಇವರು ಯಾಕೆ ನಗ್ತಿದಾರೆ ಅಂತ.

ಲಿಂಕನ್, ಮಾರ್ಟಿನ್ ಲೂಥರ್ ಕಿಂಗ್, ಇಬ್ಬರನ್ನೂ ಗುಂಡು ಹಾರಿಸಿ ಸಾಯಿಸ್ತಾರೆ. ಮಲಗೋ ಹೊತ್ತಲ್ಲಿ ಹೇಗೆ ಓದೋದು?

ಮಲಗುವ ಹೊತ್ತಿಗೆ ಓದಬೇಡಿ, ಹಗಲು ಓದಿ. ಪುಟ ಬರುವ ಮುಂಚೆಯೇ ಒಂದು ವಾಕ್ಯದಲ್ಲಿ ಹೇಳಿಬಿಡಿ: ಇವರ ಕೆಲಸ ಇಷ್ಟವಿಲ್ಲದ ಒಬ್ಬ ಇವರನ್ನು ಕೊಂದ. ಪುಟ ಹಾರಿಸಿದರೆ ಮಗು ಒಬ್ಬಳೇ ಇದ್ದಾಗ ಅದೇ ಪುಟ ತೆಗೆಯುತ್ತದೆ. ಗಾಂಧೀಜಿ ಕಥೆ ಕೇಳಿರುವ ನಮ್ಮ ಮಕ್ಕಳಿಗೆ ಇದು ಪೂರ್ತಿ ಹೊಸದೂ ಅಲ್ಲ.

ಸಕಾಗವಿಯಾ ಮುಖ ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇದೆ. ಯಾವುದು ಸರಿ?

ಯಾವುದೂ ಅಲ್ಲ. 1805ರಲ್ಲಿ, ಬೆನ್ನಿಗೆ ಹಸುಗೂಸು ಕಟ್ಟಿಕೊಂಡು, ಪಶ್ಚಿಮಕ್ಕೆ ದಾರಿ ಹುಡುಕುತ್ತಾ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ತಂಡದ ಜೊತೆ ಪೆಸಿಫಿಕ್ ಸಮುದ್ರದವರೆಗೆ ಹೋದ ಮೂಲನಿವಾಸಿಗಳ ಶೊಶೋನಿ ಸಮುದಾಯದ ಈ ಹುಡುಗಿಯನ್ನು ನೋಡಿ ಬಿಡಿಸಿದ ಒಂದು ಚಿತ್ರವೂ ಉಳಿದಿಲ್ಲ. 2000ದಲ್ಲಿ ಬಂದ ಒಂದು ಡಾಲರ್ ನಾಣ್ಯದ ಮುಖ ಕೂಡ, ಶೊಶೋನಿ-ಬ್ಯಾನಕ್ ಸಮುದಾಯದ ಈಗಿನ ಕಾಲದ ಯುವತಿಯೊಬ್ಬರನ್ನು ಎದುರಿಗೆ ಕೂರಿಸಿಕೊಂಡು ಮಾಡಿದ್ದು. ಲಿಂಕನ್‌ಗಾದರೆ ಫೋಟೋ ಇವೆ, ವಾಷಿಂಗ್ಟನ್‌ಗೆ ಎದುರು ಕೂತು ಬರೆಸಿಕೊಂಡ ಚಿತ್ರಗಳಿವೆ. ಯಾರ ಮುಖ ಉಳಿಯಿತು, ಯಾರದು ಉಳಿಯಲಿಲ್ಲ ಅನ್ನುವುದೇ ದೊಡ್ಡ ಮಕ್ಕಳ ಜೊತೆ ಒಂದು ಸಂಜೆ ಪೂರ್ತಿ ಮಾತಾಡುವ ವಿಷಯ.

ಇದರಲ್ಲೆಲ್ಲ ನಮ್ಮಂಥವರು ಯಾರೂ ಇಲ್ವಾ?

ಇದ್ದಾರೆ. ಪಂಜಾಬಿನಲ್ಲಿ ಹುಟ್ಟಿದ ದಲೀಪ್ ಸಿಂಗ್ ಸೌಂದ್ ಬರ್ಕ್ಲಿಯಲ್ಲಿ ಗಣಿತದ ಡಾಕ್ಟರೇಟ್ ಮಾಡಿದರೂ ಕ್ಯಾಲಿಫೋರ್ನಿಯಾದಲ್ಲಿ ಹೊಲದ ಕೆಲಸಕ್ಕೆ ಇಳಿಯಬೇಕಾಯಿತು. ಭಾರತೀಯರು ಪೌರರಾಗಲು 1946ರವರೆಗೆ ಕಾನೂನೇ ಬಿಡುತ್ತಿರಲಿಲ್ಲ. 1949ರಲ್ಲಿ ಪೌರತ್ವ, 1956ರಲ್ಲಿ ಸಂಸತ್ತಿಗೆ ಗೆಲುವು.

ಇನ್ನೊಂದು ದಾರಿ ಕಿಂಗ್ ಅವರದು. 1959ರಲ್ಲಿ ಹೆಂಡತಿ ಕೊರೆಟಾ ಜೊತೆ ಭಾರತಕ್ಕೆ ಬಂದು ಸುಮಾರು ಒಂದು ತಿಂಗಳು ಇದ್ದರು. ತಿರುವನಂತಪುರದ ಶಾಲೆಯೊಂದರಲ್ಲಿ ದಲಿತ ಮಕ್ಕಳ ಮುಂದೆ ಅವರನ್ನು ಅಮೆರಿಕದ ಅಸ್ಪೃಶ್ಯರು ಅಂತ ಪರಿಚಯಿಸಿದರಂತೆ. ಮೊದಲು ಬೇಸರವಾಯಿತು, ಆಮೇಲೆ ಯೋಚಿಸಿದರೆ ನಿಜ ಅನ್ನಿಸಿತು ಅಂತ ಅವರೇ ಒಂದು ಪ್ರವಚನದಲ್ಲಿ ಹೇಳಿದ್ದಾರೆ. ಕಿಂಗ್ ಪುಸ್ತಕ ಓದುವಾಗ ಇದನ್ನು ಹೇಳಿ, ಪಕ್ಕದಲ್ಲಿ ಅಂಬೇಡ್ಕರ್ ಪುಸ್ತಕ ಇಡಿ. ಬೇರೆಯವರ ಊರಿನ ಅನ್ಯಾಯಕ್ಕೆ ಕಣ್ಣೀರು ಹಾಕುವುದು ಸುಲಭ, ಅಲ್ವಾ?

ನಾವಿರೋದು ಹಾವೇರಿ ಹತ್ರ. ನಮ್ಮ ಮಕ್ಕಳಿಗೆ ಅಮೆರಿಕದವರ ಕಥೆ ಯಾಕೆ ಬೇಕು?

ಎಲ್ಲರದೂ ಬೇಡ. ಜಾರ್ಜ್ ವಾಷಿಂಗ್ಟನ್ ಕಾರ್ವರ್ ಒಬ್ಬರದು ಬೇಕು. ಗುಲಾಮಗಿರಿಯಲ್ಲಿ ಹುಟ್ಟಿ, ಓದಿ, 1896ರಲ್ಲಿ ಅಲಬಾಮಾದ ಟಸ್ಕೀಗಿಗೆ ಪಾಠ ಹೇಳಲು ಬಂದವರು. ವರ್ಷ ವರ್ಷ ಬರೀ ಹತ್ತಿ ಹಾಕಿ ಅಲ್ಲಿನ ಮಣ್ಣು ಸತ್ತುಹೋಗಿತ್ತು. ಕಡಲೆಕಾಯಿ, ಅಲಸಂದೆ ಹಾಕಿ, ಮಣ್ಣಿಗೆ ಸತ್ವ ಬರುತ್ತೆ ಅಂತ ಬಡ ರೈತರಿಗೆ ಹೇಳಿಕೊಟ್ಟರು. ಗಾಡಿಯಲ್ಲಿ ಸಾಮಾನು ಹೇರಿ ಪಾಠವನ್ನು ಹೊಲದ ಬದುವಿಗೇ ಕಳಿಸಿದರು. ಹತ್ತಿ, ಶೇಂಗಾ ಬೆಳೆಯುವ ಊರಿನ ಮಗುವಿಗೆ ಈ ಕಥೆ ವಿದೇಶದ್ದು ಅನ್ನಿಸುವುದೇ ಇಲ್ಲ. ಪೀನಟ್ ಬಟರ್ ಅವರು ಕಂಡುಹಿಡಿದದ್ದು ಅಂತ ಇದ್ದರೆ ಅದು ತಪ್ಪು, ಗೆರೆ ಎಳೆದು ಹೊಡೆದುಹಾಕಿ.

ಮಗನಿಗೆ ಹನ್ನೊಂದು. "ಚಿತ್ರಪುಸ್ತಕ ಪಾಪುಗಳಿಗೆ" ಅಂತಾನೆ. ಬಿಟ್ಬಿಡೋದಾ?

ಬಿಡಬೇಡಿ, ಕೆಲಸ ಬದಲಾಯಿಸಿ. ಈಗ ಅವನು ತಪ್ಪು ಹಿಡಿಯುವವನು. ಬೆಂಜಮಿನ್ ಫ್ರಾಂಕ್ಲಿನ್ ಗಾಳಿಪಟ ಹಾರಿಸುವ ಚಿತ್ರವಿರುವ ಪುಸ್ತಕ ಎಷ್ಟು ಸಿಗುತ್ತವೋ ಅಷ್ಟೂ ತನ್ನಿ. ಸಿಡಿಲಿನಲ್ಲಿರುವುದು ವಿದ್ಯುತ್ತೇನಾ ಅಂತ ನೋಡಲು ಮಾಡಿದ 1752ರ ಆ ಪ್ರಯೋಗದಲ್ಲಿ ಸಿಡಿಲು ನೇರ ಗಾಳಿಪಟಕ್ಕೆ ಹೊಡೆದಿದ್ದರೆ ಫ್ರಾಂಕ್ಲಿನ್ ಉಳಿಯುತ್ತಿರಲಿಲ್ಲ. ಮೋಡದಲ್ಲಿದ್ದ ವಿದ್ಯುತ್ತು ಒದ್ದೆ ದಾರದಲ್ಲಿ ಇಳಿದು ಬಂದದ್ದಷ್ಟೇ. ಪಕ್ಕದಲ್ಲಿ ಪುಟ್ಟ ಹುಡುಗನನ್ನು ನಿಲ್ಲಿಸಿರುತ್ತಾರೆ, ಮಗ ವಿಲಿಯಂಗೆ ಆಗ ಇಪ್ಪತ್ತು ದಾಟಿತ್ತು. ಯಾವ ಚಿತ್ರದಲ್ಲಿ ಸಿಡಿಲು ಪಟಕ್ಕೆ ತಾಗಿದೆ, ಯಾವುದರಲ್ಲಿ ಮಗನಿಗೆ ಮೀಸೆ ಚಿಗುರುವ ವಯಸ್ಸಿದೆ, ಯಾರು ಕೊನೆಯ ಪುಟದಲ್ಲಿ ಒಪ್ಪಿಕೊಂಡಿದ್ದಾರೆ, ಪಟ್ಟಿ ಮಾಡಲಿ. ಅದು ಮುಗಿದ ಮೇಲೆ ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿ ಹಳೆಯ ಫೋಟೋ, ಕಾಗದಗಳು ಪುಕ್ಕಟೆ ಇವೆ. ರೈಟ್ ಸಹೋದರರ 1903ರ ಡಿಸೆಂಬರ್ 17ರ ಮೊದಲ ವಿಮಾನ ಹಾರಾಟದ ಫೋಟೋ ತೆಗೆದುಕೊಟ್ಟು, ನಿಮ್ಮ ಮನೆಯಲ್ಲಿರುವ ಪುಸ್ತಕದ ವಿಮಾನಕ್ಕೆ ಹೋಲಿಸು ಅನ್ನಿ. ಪೈಲಟ್ ಕೂತಿದ್ದಾನಾ, ಮಲಗಿದ್ದಾನಾ ಅನ್ನುವುದರಿಂದ ಶುರು ಮಾಡಲಿ.